ಹೇಳಲಾಗದ ನೋವು

ಡೌನ್ ಸಿಂಡ್ರೋಮ್ ಇರುವವರು ಒಳ್ಳೆಯ ಆರೈಕೆ ಸಿಕ್ಕರೆ ಇಂದು 60 ವರ್ಷ ದಾಟಿಯೂ ಬದುಕಬಲ್ಲರು. ಆದರೆ ಅವರಲ್ಲಿ ಹೆಚ್ಚುವರಿಯಾಗಿರುವ 21ನೇ ವರ್ಣತಂತುವಿನಲ್ಲೇ ಆಲ್‌ಝೈಮರ್‌ಗೆ ನಂಟಿರುವ ಅಮಿಲಾಯ್ಡ್ ಪ್ರೋಟೀನಿನ ಮೂಲ ಜೀನ್ ಇದೆ. ಹಾಗಾಗಿ ಆಲ್‌ಝೈಮರ್ ಮರೆವು 50ರ ಆಸುಪಾಸಿನಲ್ಲೇ ಶುರುವಾಗಬಹುದು.

ಮರೆವು ಹೆಚ್ಚಿದ ಕೊನೆಗಾಲದಲ್ಲಿ ಎಲ್ಲಿ ನೋವೆಂದು ಹೇಳಲು ಅವರಲ್ಲಿ ಹಲವರಿಗೆ ಆಗದು. ಊಟ ಒಲ್ಲೆನ್ನುತ್ತಾರೆ, ಚೀರುತ್ತಾರೆ, ಮುದುಡಿ ಕೂರುತ್ತಾರೆ. ‘ಅವರ ಸ್ವಭಾವವೇ ಹಾಗೆ’ ಎಂದು ನಾವು ಸುಮ್ಮನಾಗುತ್ತೇವೆ. ಅದು ಹಲ್ಲುನೋವಿರಬಹುದು, ಮಲಬದ್ಧತೆಯಿರಬಹುದು.

ನೆಮ್ಮದಿಯಾಗಿದ್ದಾಗ ಅವರ ಮುಖ, ದನಿ, ನಡೆ ಹೇಗಿರುತ್ತವೆ ಎಂಬುದನ್ನು ಮನೆಯವರು ಈಗಲೇ ಬರೆದಿಡಲಿ. ಮುಂದೆ ನೋವು ಗುರುತಿಸಲು ವೈದ್ಯರಿಗೆ ಅದೇ ಆಧಾರ. ನುಂಗುವುದು ಕಷ್ಟವಾದಾಗ ನೆಟ್ಟಗೆ ಕೂರಿಸಿ, ಅವಸರಪಡದೆ ಸಣ್ಣ ಸಣ್ಣ ತುತ್ತು ಕೊಡಿ. ಕಾಯಿಲೆ ವಾಸಿಯಾಗದಿದ್ದರೂ ನೋವನ್ನು ತಗ್ಗಿಸಬಹುದು. ಹೀಗೆ ನೋವು ತಗ್ಗಿಸುವ ಉಪಶಾಮಕ ಆರೈಕೆ ಬೇಕೆಂದು ಅವರು ಕೇಳಲಾರರು. ಅವರ ಪರವಾಗಿ ಕೇಳಬೇಕಾದವರು ನಾವೇ.