ಚೀಟಿ ಇದೆ, ವೈದ್ಯನಿಲ್ಲ
(ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ವಿಮೆಯ ಚೀಟಿ ಕೈಯಲ್ಲಿದ್ದರೆ ವೈದ್ಯನ ಬಾಗಿಲು ತಾನಾಗಿ ತೆರೆಯುವುದೆಂದು ನಾವೆಲ್ಲ ನಂಬಿದ್ದೇವೆ. ಅಮೆರಿಕದ ಅನುಭವ ಬೇರೆ ಮಾತನ್ನು ಹೇಳುತ್ತದೆ.

ಮನಸ್ಸಿನ ಕಾಯಿಲೆಯ ಖರ್ಚು ಕೊಡುವ ವಿಮೆ, ಅದಕ್ಕೂ ದೇಹದ ಕಾಯಿಲೆಗೂ ಭೇದ ಮಾಡಬಾರದೆಂದು ಅಲ್ಲಿ 2008ರಲ್ಲಿ ಕಾನೂನಾಯಿತು. ಅದು ಜಾರಿಗೆ ಬರುತ್ತಿದ್ದ 2009–10ರಲ್ಲಿ ಖಾಸಗಿ ವಿಮೆಯನ್ನು ಒಪ್ಪುತ್ತಿದ್ದ ಮನೋವೈದ್ಯರು ನೂರಕ್ಕೆ ಸುಮಾರು 55. ಇತರ ವೈದ್ಯರು ಸುಮಾರು 89. ಆಮೇಲಾದರೂ ಸರಿಹೋಯಿತೇ? 2023ರಲ್ಲಿ ಅಲ್ಲಿನ ಸೆನೆಟ್ಟಿನ ಹಣಕಾಸು ಸಮಿತಿಯ ಸಿಬ್ಬಂದಿ, ವೃದ್ಧರಿಗಾಗಿ ಕಂಪನಿಗಳು ನಡೆಸುವ ವಿಮೆಗಳ ಪಟ್ಟಿಯಿಂದ 120 ಹೆಸರುಗಳನ್ನು ತೆಗೆದು ದೂರವಾಣಿ ಮಾಡಿದರು. ನೂರಕ್ಕೆ 80ಕ್ಕೂ ಮೇಲ್ಪಟ್ಟು ಹೆಸರುಗಳು ರೋಗಿಗೆ ಉಪಯೋಗಕ್ಕೆ ಬಾರದವು! ಕೆಲವರು ಸಿಗಲಿಲ್ಲ, ಕೆಲವರು ಹೊಸ ರೋಗಿಯನ್ನು ಒಪ್ಪಲಿಲ್ಲ, ಕೆಲವರು ಆ ವಿಮೆಗೆ ಸೇರಿದವರೇ ಅಲ್ಲ.

ಕಾರಣವೇನು? ಅಂಗಡಿಕಾರರಾದ ನಿಮಗೆ ಇದು ಬೇಗ ತಿಳಿದೀತು. ಒಬ್ಬ ಗಿರಾಕಿ ದರವನ್ನು ತಾನೇ ಗೊತ್ತುಮಾಡುತ್ತಾನೆ, ಉದ್ರಿ ಬರೆಸುತ್ತಾನೆ, ಹತ್ತು ಕಾಗದ ಕೇಳುತ್ತಾನೆ, ಕೊನೆಗೆ ಹಣವನ್ನೂ ಮುರಿದುಕೊಳ್ಳುತ್ತಾನೆ. ನಗದು ಕೊಡುವವನು ಪಕ್ಕದಲ್ಲೇ ನಿಂತಿರುವಾಗ ನೀವು ಯಾರಿಗೆ ಮಾಲು ತೂಗುವಿರಿ? ವಿಮಾ ಕಂಪನಿ ಆ ಮೊದಲನೆಯ ಗಿರಾಕಿ. ವೈದ್ಯರು ಕಡಮೆ, ರೋಗಿಗಳು ಹೆಚ್ಚು. ಆದುದರಿಂದ ನಗದು ಕೊಡುವ ಉಳ್ಳವರಿಂದಲೇ ವೈದ್ಯನ ದಿನ ತುಂಬುತ್ತದೆ.

ಇನ್ನೊಂದು ಕಾರಣವನ್ನು ಗಿರಣಿಯ ಬಂಧುಗಳು ಬಲ್ಲರು. ಯಂತ್ರದ ವೇಗ ಹೆಚ್ಚಿಸಬಹುದು. ನೊಂದವನ ಮಾತು ಕೇಳುವ ವೇಗ ಹೆಚ್ಚಿಸಲಾಗದು. ಮಾತಿನ ಚಿಕಿತ್ಸೆಯಲ್ಲಿ ಒಬ್ಬನಿಗೇ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬೇಕು. ದರ ಕಡಮೆಯಾದರೆ ಹೆಚ್ಚು ರೋಗಿಗಳನ್ನು ನೋಡಿ ಸರಿದೂಗಿಸುವಂತಿಲ್ಲ. ಒಬ್ಬಂಟಿಯಾಗಿ ವೃತ್ತಿ ನಡೆಸುವವನಿಗೆ ಕಾಗದಪತ್ರ ನೋಡಲು ಗುಮಾಸ್ತನೂ ಇರುವುದಿಲ್ಲ.

ನಮ್ಮ ಭಾರತದಲ್ಲಿಯೂ 2017ರ ಮಾನಸಿಕ ಆರೋಗ್ಯ ಕಾಯಿದೆ ವಿಮೆಯಲ್ಲಿ ಈ ಸಮಾನತೆಯನ್ನು ವಿಧಿಸಿದೆ. ಆದರೆ ಸಾಮಾನ್ಯ ವಿಮೆಯು ಹಣ ಕೊಡುವುದು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಮನೋರೋಗಿಗಳಲ್ಲಿ ಹೆಚ್ಚಿನವರು ಮನೆಯಲ್ಲಿದ್ದು, ದುಡಿಯುತ್ತಲೇ, ವೈದ್ಯನಲ್ಲಿಗೆ ಹೋಗಿಬರುವವರು. ಅವರ ಶುಲ್ಕ ಅವರ ಜೇಬಿನಿಂದಲೇ ಹೋಗುತ್ತದೆ.

ಹಕ್ಕನ್ನು ಬರೆದುಕೊಟ್ಟರೆ ಸಾಲದು. ವೈದ್ಯನಿಗೆ ನ್ಯಾಯವಾದ ದರ, ತಡವಿಲ್ಲದ ಪಾವತಿ, ಸುಳ್ಳು ಪಟ್ಟಿಗೆ ದಂಡ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಕಷ್ಟು ಮನೋವೈದ್ಯರು: ಇವನ್ನು ನಾವು ಕೇಳಬೇಕು. ನಿದ್ರೆ ಕೆಟ್ಟವನಿಗೂ, ಬದುಕು ಬೇಡವೆನಿಸಿದವಳಿಗೂ ಚೀಟಿ ಮದ್ದಲ್ಲ. ಎದುರಿಗೆ ಕುಳಿತು ಕೇಳುವ ವೈದ್ಯ ಬೇಕು.