ಜಪಾನಿನ ಜೇಬು, ಅಮೆರಿಕದ ಮೇಜು



ಮೊದಲಿಗೆ ಒಂದು ಒಗಟು. 2000ನೇ ಇಸವಿಯಲ್ಲಿ ಅಮೆರಿಕದ ಅರ್ಧದಷ್ಟು ಮನೆಗಳಲ್ಲಿ ಕಂಪ್ಯೂಟರ್ ಇತ್ತು. ಇಂಟರ್‌ನೆಟ್ ಹುಟ್ಟಿದ್ದೂ ಅಲ್ಲಿಯೇ. ಆದರೆ ಮೊಬೈಲ್ ಫೋನಿನಲ್ಲಿ ಇಂಟರ್‌ನೆಟ್ ನೋಡುವ ಅಭ್ಯಾಸ ಜನಸಾಮಾನ್ಯರಿಗೆ ಮೊದಲು ಅಂಟಿಕೊಂಡದ್ದು ಅಲ್ಲಲ್ಲ, ಜಪಾನಿನಲ್ಲಿ. ಎನ್‌ಟಿಟಿ ಡೊಕೊಮೊ ಕಂಪನಿ 1999ರ ಫೆಬ್ರವರಿ 22ರಂದು 'ಐ-ಮೋಡ್' ಎಂಬ ಸೇವೆಯನ್ನು ಆರಂಭಿಸಿತು. ಎರಡು ವರ್ಷ ಕಳೆಯುವ ಹೊತ್ತಿಗೆ ಅದರ ಚಂದಾದಾರರು ಸುಮಾರು ಎರಡು ಕೋಟಿ! ಅದೇ ಕಾಲಕ್ಕೆ ಅಮೆರಿಕದವರು ಫೋನಿನ ಆ ಗುಂಡಿಯನ್ನು ಒಮ್ಮೆ ಒತ್ತಿ, ಬೇಸತ್ತು, ಮತ್ತೆ ಅದರ ಗೊಡವೆಗೆ ಹೋಗಲಿಲ್ಲ. ಏಕೆ?

ಇದಕ್ಕೆ ಸಿದ್ಧ ಉತ್ತರವೊಂದು ಎಲ್ಲರ ಬಾಯಲ್ಲೂ ಇದೆ. ಜಪಾನೀಯರಿಗೆ ಪುಟ್ಟ ಯಂತ್ರಗಳೆಂದರೆ ಪ್ರಾಣ, ಅದು ಅವರ ಸ್ವಭಾವ ಎಂಬುದು. ನಾನೂ ಒಮ್ಮೆ ಒಂದು ಕಾರ್ಯಕ್ರಮದ ಟಿಪ್ಪಣಿಯಲ್ಲಿ ಹಾಗೆಯೇ ಬರೆದುಕೊಂಡಿದ್ದೆ. ಆಮೇಲೆ ಲೆಕ್ಕಗಳನ್ನು ನೋಡುತ್ತಾ ಹೋದಂತೆ ಆ ಸಾಲನ್ನು ಹೊಡೆದುಹಾಕಬೇಕಾಯಿತು. ಒಂದು ಜನಾಂಗದ ಸ್ವಭಾವವೆಂದು ನಾವು ತಿಳಿಯುವುದು ಎಷ್ಟೋ ಸಲ ಅವರ ಟೆಲಿಫೋನ್ ಬಿಲ್ಲಿನಲ್ಲಿ ಅಡಗಿರುತ್ತದೆ.

ಮನೆಯ ಫೋನಿನಿಂದಲೇ ಶುರು ಮಾಡೋಣ. ಜಪಾನಿನಲ್ಲಿ 1990ರ ದಶಕದಲ್ಲಿ ಮನೆಗೆ ಹೊಸ ಲೈನ್ ಹಾಕಿಸಬೇಕಾದರೆ 72,000 ಯೆನ್ ಕಟ್ಟಬೇಕಿತ್ತು. ಸ್ಥಳೀಯ ಕರೆಗೂ ಮೂರು ನಿಮಿಷಕ್ಕೆ 10 ಯೆನ್. ಕಂಪ್ಯೂಟರಿಗೆ ಫೋನ್ ಲೈನ್ ಜೋಡಿಸಿ ಕುಳಿತರೆ ಮೀಟರು ಓಡುತ್ತಲೇ ಇರುತ್ತಿತ್ತು. 1995ರಿಂದ ರಾತ್ರಿ 11ರಿಂದ ಬೆಳಿಗ್ಗೆ 8ರವರೆಗೆ ನಿಗದಿತ ಶುಲ್ಕದ ಯೋಜನೆ ಬಂತು. ಅಂದರೆ ಇಂಟರ್‌ನೆಟ್ ಬೇಕೆಂದವರು ನಿದ್ದೆಗೆಡಬೇಕು! ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಬಹುಪಾಲು ಮನೆಗಳಿಗೆ ಸ್ಥಳೀಯ ಕರೆ ತಿಂಗಳ ಬಾಡಿಗೆಯಲ್ಲೇ ಸೇರಿತ್ತು. 1996ರ ಡಿಸೆಂಬರಿನಲ್ಲಿ ಅಮೆರಿಕ ಆನ್‌ಲೈನ್ ಕಂಪನಿ ತಿಂಗಳಿಗೆ 19.95 ಡಾಲರ್ ಕೊಟ್ಟರೆ ಎಷ್ಟು ಹೊತ್ತಾದರೂ ನೋಡಿ ಎಂದಿತು. ಮೇಜಿನ ಮೇಲೆ ದೊಡ್ಡ ಪರದೆ, ಲೆಕ್ಕವಿಲ್ಲದಷ್ಟು ಸಮಯ. ಹೀಗಿರುವಾಗ ಅಂಗೈಯಗಲವೂ ಇಲ್ಲದ ಪರದೆಯನ್ನು ಯಾರು ನೋಡುತ್ತಾರೆ?

ಇನ್ನು ಐ-ಮೋಡ್ ಕೆಲಸ ಮಾಡುತ್ತಿದ್ದ ಬಗೆ. ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಲು ಅನುಮತಿ ಕೊಡಿ. ನೀವು ಆಟೋ ಹಿಡಿದು ಹೋಗಿ, ಕೆಲಸ ಮುಗಿಯುವವರೆಗೆ ಅದನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರೆ ಕಾದ ಹೊತ್ತಿಗೂ ದುಡ್ಡು ತೆರಬೇಕು. ಅಮೆರಿಕದ ಬಹುತೇಕ ಕಂಪನಿಗಳ ಆಗಿನ ಮೊಬೈಲ್ ಇಂಟರ್‌ನೆಟ್ ಇಂಥದ್ದು. ಪುಟ ತೆರೆದು ಓದುತ್ತಾ ಕುಳಿತರೂ ನಿಮಿಷದ ಲೆಕ್ಕ. ಅಂಚೆಯಲ್ಲಿ ಕಾಗದ ಹಾಕಿದರೆ ಹಾಗಲ್ಲ, ತೂಕಕ್ಕೆ ಮಾತ್ರ ದುಡ್ಡು. ಐ-ಮೋಡ್ ಅಂಚೆಯ ದಾರಿ ಹಿಡಿಯಿತು. ಮಾಹಿತಿಯನ್ನು 128 ಬೈಟುಗಳ ಪುಟ್ಟ ಪೊಟ್ಟಣಗಳಾಗಿ ಕಟ್ಟಿ ಕಳಿಸುವುದು, ಪೊಟ್ಟಣವೊಂದಕ್ಕೆ 0.3 ಯೆನ್. ವೇಗ ಸೆಕೆಂಡಿಗೆ ಬರೀ 9,600 ಬಿಟ್. ಒಂದು ಪೊಟ್ಟಣಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸಮಯ. 250 ಜಪಾನಿ ಅಕ್ಷರಗಳ ಪತ್ರವೆಂದರೆ 500 ಬೈಟು, ಅಂದರೆ ನಾಲ್ಕು ಪೊಟ್ಟಣ, ಒಂದೂಕಾಲು ಯೆನ್ನಿನ ಆಸುಪಾಸು. ಓದುವುದಕ್ಕೆ ನೀವು ಹತ್ತು ನಿಮಿಷ ತೆಗೆದುಕೊಳ್ಳಿ, ಅರ್ಧ ಗಂಟೆ ತೆಗೆದುಕೊಳ್ಳಿ, ಯಾರೂ ಕೇಳುವುದಿಲ್ಲ.

ತಿಂಗಳ ಚಂದಾ ಆರಂಭದಲ್ಲಿ 300 ಯೆನ್. ಮಾಹಿತಿ ಒದಗಿಸುವವರೂ ತಿಂಗಳಿಗೆ ಹೆಚ್ಚೆಂದರೆ 300 ಯೆನ್ ಕೇಳಬಹುದಿತ್ತು. ಅದನ್ನು ಡೊಕೊಮೊ ಫೋನ್ ಬಿಲ್ಲಿನಲ್ಲೇ ವಸೂಲು ಮಾಡಿ, ತನಗೆ ನೂರಕ್ಕೆ ಒಂಬತ್ತು ಇಟ್ಟುಕೊಂಡು ಉಳಿದದ್ದನ್ನು ಅವರಿಗೆ ಕೊಟ್ಟುಬಿಡುತ್ತಿತ್ತು. ಹೀಗಾಗಿ ಸಣ್ಣಪುಟ್ಟವರೂ ಧೈರ್ಯವಾಗಿ ಅಂಗಡಿ ತೆರೆದರು. ಬಾಂದಾಯ್ ಎಂಬ ಆಟಿಕೆಯ ಕಂಪನಿ ದಿನಕ್ಕೊಂದು ಗೊಂಬೆಚಿತ್ರ ಕಳಿಸಿ ತಿಂಗಳಿಗೆ 100 ಯೆನ್ ಪಡೆಯಿತು. ಈ ಸೇವೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಮಾರಿ ಮತ್ಸುನಾಗಾ ಎಂಜಿನಿಯರ್ ಅಲ್ಲ, ಪತ್ರಿಕಾ ಸಂಪಾದಕಿ. ಓದುಗರ ಪಲ್ಸ್ ತಿಳಿದವರು. ನಮ್ಮ ಕ್ಷೇತ್ರದವರಿಗೆ ಇದು ಸ್ವಲ್ಪ ಹೆಮ್ಮೆಯ ವಿಷಯವೇ.

ಅಕ್ಷರಗಳ ಸಂಗತಿ ಇನ್ನೂ ಸ್ವಾರಸ್ಯಕರ. ಜಪಾನಿನ ಕಾನಾ ಅಕ್ಷರಮಾಲೆಯ ಕ್ರಮ ನೋಡಿ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು. ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಬೌದ್ಧ ಭಿಕ್ಷುಗಳು ಸಂಸ್ಕೃತವನ್ನು ಸಿದ್ಧಂ ಲಿಪಿಯಲ್ಲಿ ಕಲಿಯುತ್ತಿದ್ದಾಗ ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲಿಗೆ ದಾಟಿತು. ಸಾಲುಗಳು ಒಟ್ಟು ಹತ್ತು. ಫೋನಿನ ಅಂಕಿಯ ಗುಂಡಿಗಳೂ ಹತ್ತು! ಒಂದರಲ್ಲಿ 'ಅ' ಸಾಲು, ಎರಡರಲ್ಲಿ 'ಕ' ಸಾಲು, ಹೀಗೆ ಸೊನ್ನೆಗೆ 'ವ' ಸಾಲು. ಹೆಬ್ಬೆರಳೊಂದರಲ್ಲೇ ಬರೆಯಲು ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಬೇಕೆ? ಅಷ್ಟರಲ್ಲಾಗಲೇ ಅಲ್ಲಿನ ಶಾಲಾ ಬಾಲಕಿಯರು ಪೇಜರುಗಳಲ್ಲಿ ಅಂಕಿಗಳನ್ನೇ ಮಾತಾಗಿಸಿದ್ದರು. 0840 ಎಂದರೆ 'ಒಹಾಯೊ', ಶುಭೋದಯ. ಅಮೆರಿಕದವರಿಗೋ ಬೆರಳಚ್ಚು ಯಂತ್ರದ ಕೀಲಿಮಣೆ ರೂಢಿ. ಇಪ್ಪತ್ತಾರು ಅಕ್ಷರಗಳನ್ನು ಎಂಟು ಗುಂಡಿಗಳಲ್ಲಿ ತಡಕಾಡುವುದು ಅವರಿಗೆ ಶಿಕ್ಷೆ.

ರೈಲಿನ ವಾದವನ್ನೂ ಕೇಳಿರುತ್ತೀರಿ. ಜಪಾನೀಯರು ರೈಲಿನಲ್ಲಿ ಓಡಾಡುತ್ತಾರೆ, ಅಮೆರಿಕದಲ್ಲಿ ಆಗ ಕೆಲಸಕ್ಕೆ ಹೋಗುವ ನಾಲ್ವರಲ್ಲಿ ಮೂವರು ಒಬ್ಬರೇ ಕಾರು ನಡೆಸಿಕೊಂಡು ಹೋಗುತ್ತಿದ್ದರು. ಸ್ಟೀರಿಂಗ್ ಹಿಡಿದವರು ಫೋನ್ ನೋಡಲಾಗದು, ನಿಜ. ಆದರೆ ರೈಲುಗಳು ಐ-ಮೋಡಿಗಿಂತ ಎಷ್ಟೋ ಮೊದಲೂ ಇದ್ದವು. ರೈಲು ಬಿಡುವು ಕೊಟ್ಟಿತು, ಅಷ್ಟೇ.

ಅಮೆರಿಕದಲ್ಲಿ ಇನ್ನೆರಡು ತೊಡಕುಗಳಿದ್ದವು. ಅಲ್ಲಿ ಮೊಬೈಲಿಗೆ ಬಂದ ಕರೆಗೂ ಸ್ವೀಕರಿಸಿದವರೇ ಹಣ ತೆರಬೇಕಿತ್ತು. ಆದ್ದರಿಂದ ಎಷ್ಟೋ ಜನ ಫೋನನ್ನು ಸ್ವಿಚ್ ಆಫ್ ಮಾಡಿ ಕಾರಿನಲ್ಲಿಟ್ಟಿರುತ್ತಿದ್ದರು. ಎರಡನೆಯದಾಗಿ, ಒಂದೊಂದು ಕಂಪನಿಯದು ಒಂದೊಂದು ತಾಂತ್ರಿಕ ಪದ್ಧತಿ. 2002ರವರೆಗೂ ಒಂದು ಕಂಪನಿಯ ಚಂದಾದಾರರು ಇನ್ನೊಂದರವರಿಗೆ ಕಿರುಸಂದೇಶ ಕಳಿಸುವುದೇ ಕಷ್ಟವಾಗಿತ್ತು. ಜಪಾನಿನ ಫೋನಿನಲ್ಲಿ ಹೋಗುತ್ತಿದ್ದುದು ಇ-ಮೇಲ್. ಅದು ಯಾರಿಗೆ ಬೇಕಾದರೂ ತಲುಪುತ್ತಿತ್ತು.

ತಂತ್ರಜ್ಞಾನವೇ ಬೇರೆಯಿತ್ತಲ್ಲ ಎಂದು ನೀವು ಕೇಳಬಹುದು. ಡೊಕೊಮೊದ ಪ್ರತಿಸ್ಪರ್ಧಿ ಕೆಡಿಡಿಐ ಕಂಪನಿಯ 'ಈಝೀ ವೆಬ್' ಕೂಡ ಜಪಾನಿನಲ್ಲಿ ಚೆನ್ನಾಗಿ ನಡೆಯಿತು. ಅದರ ತಂತ್ರಾಂಶದ ಬೇರು ಕ್ಯಾಲಿಫೋರ್ನಿಯದ ಫೋನ್.ಕಾಮ್ ಎಂಬ ಕಂಪನಿಯಲ್ಲಿತ್ತು! ತವರಿನಲ್ಲಿ ಸೋತ ಸರಕು ಹೊರಗೆ ಗೆದ್ದಿತು.

ಡೊಕೊಮೊ ಇದಕ್ಕೆ ತದ್ವಿರುದ್ಧವಾದ ಪಾಠ ಕಲಿತದ್ದು ಬಹಳ ದುಬಾರಿ ಬೆಲೆಗೆ. 2000ದ ಕೊನೆಯಲ್ಲಿ ಅದು ಎಟಿ ಅಂಡ್ ಟಿ ವೈರ್‌ಲೆಸ್‌ನಲ್ಲಿ 980 ಕೋಟಿ ಡಾಲರ್ ಹೂಡಲು ಒಪ್ಪಿತು. 2002ರಲ್ಲಿ ಅಲ್ಲಿ 'ಎಂ-ಮೋಡ್' ಶುರುವಾಯಿತು. ನಡೆಯಲಿಲ್ಲ. 2004ರಲ್ಲಿ ಆ ಕಂಪನಿಯೇ ಸಿಂಗ್ಯುಲರ್ ಪಾಲಾಯಿತು. ಸೇವೆಯನ್ನು ಸಾಗಿಸಬಹುದು, ಅದರ ಸುತ್ತಲಿನ ದರಪಟ್ಟಿಯನ್ನು ಸಾಗಿಸುವುದು ಹೇಗೆ? ಆಮೇಲೆ 2007ರ ಜೂನ್‌ನಲ್ಲಿ ಐಫೋನ್ ಬಂತು, ಜೊತೆಗೆ ತಿಂಗಳಿಗಿಷ್ಟು ಎಂಬ ಮಿತಿಯಿಲ್ಲದ ಇಂಟರ್‌ನೆಟ್ ಕೂಡ. ಅದೇ ಅಮೆರಿಕದವರು ಸಾಲುಗಟ್ಟಿ ನಿಂತರು. ಏಳೆಂಟು ವರ್ಷದಲ್ಲಿ ಅವರ ಸ್ವಭಾವ ಬದಲಾಗಿತ್ತೇ?

ಜಪಾನಿನದು ಬರೀ ಸುಖದ ಕಥೆಯೆಂದು ತಿಳಿಯಬೇಡಿ. ಪೊಟ್ಟಣದ ದರ ಕಣ್ಣಿಗೆ ಕಾಣದಷ್ಟು ಚಿಕ್ಕದು. ಚಿತ್ರ, ಸಂಗೀತ, ಆಟಗಳು ಬಂದಂತೆ ಅದೇ ಬೆಟ್ಟವಾಯಿತು. ತಿಂಗಳ ಕೊನೆಗೆ ಮಕ್ಕಳ ಬಿಲ್ ನೋಡಿ ತಂದೆತಾಯಿಗಳು ಎದೆ ಹಿಡಿದುಕೊಳ್ಳುವಂತಾಯಿತು. ಇದಕ್ಕೆ ಅಲ್ಲಿನ ಹುಡುಗರು ಇಟ್ಟ ಹೆಸರು 'ಪಾಕೆ ಶಿ', ಅಂದರೆ ಪೊಟ್ಟಣದಿಂದ ಬಂದ ಸಾವು. 2003ರಲ್ಲಿ ಕೆಡಿಡಿಐ, 2004ರಲ್ಲಿ ಡೊಕೊಮೊ ನಿಗದಿತ ಶುಲ್ಕ ತಂದ ಮೇಲೆಯೇ ಮನೆಗಳು ಉಸಿರಾಡಿದ್ದು.

ಡೊಕೊಮೊ ಎಂಬ ಹೆಸರು ನಮಗೂ ಅಪರಿಚಿತವಲ್ಲ. 2009ರಲ್ಲಿ ಟಾಟಾ ಡೊಕೊಮೊ ನಮ್ಮಲ್ಲಿಗೆ ಬಂದದ್ದು ಸೆಕೆಂಡಿಗೆ ಒಂದು ಪೈಸೆ ಎಂಬ ದರ ಹೊತ್ತು. ಅಲ್ಲಿಯವರೆಗೆ ಹತ್ತು ಸೆಕೆಂಡ್ ಮಾತಾಡಿದರೂ ಪೂರಾ ನಿಮಿಷದ ದುಡ್ಡು ಹೋಗುತ್ತಿತ್ತು. ಉಳಿದ ಕಂಪನಿಗಳೂ ಬೇಗನೆ ಅದೇ ದಾರಿಗೆ ಬಂದವು. 'ಬಂದೆ, ಬಾಗಿಲು ತೆಗಿ' ಎಂದು ಹೇಳಲು ಮಿಸ್ಡ್ ಕಾಲ್ ಕೊಡುತ್ತಿದ್ದವರು ಆಮೇಲೆ ಬಾಯಿಬಿಟ್ಟೇ ಹೇಳತೊಡಗಿದ್ದು ನಿಮಗೂ ನೆನಪಿರಬಹುದು.

ಐ-ಮೋಡಿಗೆ ಹೊಸ ಚಂದಾದಾರರನ್ನು ಸೇರಿಸಿಕೊಳ್ಳುವುದು 2019ರಲ್ಲೇ ನಿಂತಿತು. 2026ರ ಮಾರ್ಚ್ 31 ಅದರ ಕೊನೆಯ ದಿನವೆಂದು ಕಂಪನಿ ಆಗಲೇ ಪ್ರಕಟಿಸಿತ್ತು. ಅದಕ್ಕಾಗಿ ಶಿಗೆತಾಕಾ ಕುರಿತಾ 1999ರಲ್ಲಿ ಹನ್ನೆರಡು ಚುಕ್ಕೆ ಅಗಲ, ಹನ್ನೆರಡು ಚುಕ್ಕೆ ಎತ್ತರದ ಚೌಕದಲ್ಲಿ ಮಾಡಿದ 176 ಪುಟ್ಟ ಚಿತ್ರಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2016ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ. ಈ ಪುಟ ಓದಿ ನೀವು ಯಾರಿಗಾದರೂ ಫೋನಿನಲ್ಲಿ ಒಂದು ಹೃದಯದ ಗುರುತು ಕಳಿಸಿದರೆ, ಅದು ಆ ಮನೆತನದ್ದೇ.