ಕಲ್ಲಿನ ವಾಕ್ಯ, ಕಾಪಿ ಪುಸ್ತಕದ ವಾಕ್ಯ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹೈಸ್ಕೂಲು ಇಂಗ್ಲಿಷ್ ಮೇಷ್ಟ್ರುಗಳ ಮುಂದೆ ಆಡಿದ ಮಾತುಗಳ ಬರಹ ರೂಪ



ನಾನು ಓದಿದ್ದು ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಒಮ್ಮೆ ಇಂಗ್ಲಿಷ್ ಪ್ರಬಂಧದಲ್ಲಿ ಹೀಗೆ ಬರೆದ: 'ಯೆಸ್ಟರ್‌ಡೇ ಕೇಮ್ ಅಂಕಲ್ ಗೇವ್ ಮಿ ಎ ಪೆನ್.' ಮೇಷ್ಟ್ರು ಅದನ್ನು ತರಗತಿಗೆಲ್ಲ ಕೇಳುವಂತೆ ಓದಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ವಾಕ್ಯದ ಉದ್ದಕ್ಕೂ ಕೆಂಪು ಶಾಯಿಯ ಗೆರೆ ಬಿತ್ತು. ತಪ್ಪು ಯಾವುದು, ಯಾಕೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಅವನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಎರಡು ಸಲ ಫೇಲಾಗಿ, ಮೂರನೆಯ ಸಲ ಪರೀಕ್ಷೆಗೆ ಕಟ್ಟದೆ, ಅಪ್ಪನ ಜೊತೆ ಅಡಿಕೆ ತೋಟಕ್ಕೆ ಹೋದ. ರಾತ್ರಿಯಿಡೀ ಆಟ ನೋಡಿ ಬಂದು ಬೆಳಿಗ್ಗೆ ಪ್ರಸಂಗವನ್ನು ಪೂರಾ ಒಪ್ಪಿಸಬಲ್ಲ ಹುಡುಗ ಅವನು. ಭಾಷೆ ಬಾರದವನು ಎಂದು ಅವನನ್ನು ಹೇಗೆ ಹೇಳುವುದು?

ಅವನು ಬರೆದದ್ದನ್ನು ಇವತ್ತು ಮತ್ತೆ ನೋಡೋಣ. ಅವನ ಮನಸ್ಸಿನಲ್ಲಿ ಇದ್ದದ್ದು 'ನಿನ್ನೆ ಬಂದ ಮಾವ ನನಗೊಂದು ಪೆನ್ನು ಕೊಟ್ಟ' ಎಂಬ ವಾಕ್ಯ. ಕನ್ನಡದಲ್ಲಿ 'ಬಂದ' ಎಂಬ ರೂಪ ಎರಡು ಕೆಲಸ ಮಾಡುತ್ತದೆ. 'ಮಾವ ಬಂದ' ಎಂದಾಗ ಅದು ವಾಕ್ಯವನ್ನು ಮುಗಿಸುತ್ತದೆ. 'ಬಂದ ಮಾವ' ಎಂದಾಗ ಅದು ವಿಶೇಷಣ, ಯಾವ ಮಾವ ಎಂದು ಗುರುತು ಹೇಳುತ್ತದೆ. ಇಂಗ್ಲಿಷಿನ 'ಕೇಮ್' ಮೊದಲ ಕೆಲಸವನ್ನಷ್ಟೇ ಬಲ್ಲದು. ಎರಡನೆಯದಕ್ಕೆ ಮಾವನನ್ನು ಮೊದಲು ಹೇಳಿ, ಆಮೇಲೆ 'ಹೂ' ಎಂಬ ಕೊಂಡಿ ಹಾಕಿ, ಆ ಮೇಲೆ 'ಕೇಮ್ ಯೆಸ್ಟರ್‌ಡೇ' ಎನ್ನಬೇಕು. ಈ 'ಹೂ' ನಮ್ಮ ಹೂವಲ್ಲವಷ್ಟೆ. ನಮ್ಮಲ್ಲಿ ಆ ಜಾಗದಲ್ಲಿ ಏನೂ ಇಲ್ಲ. ಇಲ್ಲದ ಕೊಂಡಿಯನ್ನು ಹುಡುಗ ಎಲ್ಲಿಂದ ತಂದಾನು? ಅವನು ತಪ್ಪಿದ್ದು ಅಜ್ಞಾನದಿಂದಲ್ಲ, ಬಹಳ ಹಳೆಯ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ.

ಎಷ್ಟು ಹಳೆಯದು ಎಂದರೆ, ನಮ್ಮ ಊರುಗಳ ಕಲ್ಲುಗಳನ್ನೇ ಕೇಳಬೇಕು. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದ ಮೇಲೆ ಪ್ರಾಕೃತವಿದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದಲ್ಲಿ ಐದನೆಯ ಶತಮಾನದ ಕವಿ ಕುಬ್ಜನ ಸಂಸ್ಕೃತ ಪದ್ಯಗಳಿವೆ. ಅದೇ ತಾಳಗುಂದದಲ್ಲಿ 2013ರಲ್ಲಿ ದೊರೆತ ಸಿಂಹಕಟಾಂಜನ ಶಾಸನದಲ್ಲಿ ಕನ್ನಡವೂ ಇದೆ; ಅದು ಸುಮಾರು ಕ್ರಿ.ಶ. 370ರದೆಂದು, ಹಲ್ಮಿಡಿಗಿಂತ ಹಿಂದಿನದೆಂದು ಹೇಳುತ್ತಾರೆ. ಬೇರೆಯವರ ಭಾಷೆಯ ವಾಕ್ಯವನ್ನು ಪಳಗಿಸುವ ಕೆಲಸ ಈ ಸೀಮೆಗೆ ಹೊಸದಲ್ಲ. ಆದರೆ ನಮ್ಮ ಮಾತಿಗೆ ಬೇಕಾದ ಕಲ್ಲುಗಳು ಬಳ್ಳಿಗಾವೆಯಲ್ಲಿವೆ.

ಬಳ್ಳಿಗಾವೆಯ ಚಾಲುಕ್ಯರ ಕಾಲದ ಶಾಸನಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳಿ. 'ಸ್ವಸ್ತಿ' ಎಂದು ಶುರು. ಆಮೇಲೆ ಚಕ್ರವರ್ತಿಯ ಬಿರುದುಗಳು ಒಂದರ ಹಿಂದೊಂದು, ತೇರಿನ ಹಗ್ಗದಷ್ಟು ಉದ್ದ. ಆಮೇಲೆ ಅವನ ಹೆಸರು, ಅವನ ರಾಜ್ಯ ಸೂರ್ಯಚಂದ್ರರಿರುವವರೆಗೆ 'ಸಲುತ್ತಮಿರೆ'. ವಾಕ್ಯ ಅಲ್ಲಿಗೂ ಮುಗಿಯದು. ಅವನ ಪಾದಸೇವಕನಾದ ಅಧಿಕಾರಿ, ಅವನ ಬಿರುದುಗಳು, ಅವನು ಬನವಾಸಿ ಹನ್ನೆರಡು ಸಾಸಿರವನ್ನು 'ಆಳುತ್ತಮಿರೆ'. ಆಮೇಲೆ ಶಕವರ್ಷ, ತಿಥಿ, ವಾರ, ದಾನ ಪಡೆದ ದೇವರು, ಹೊಲದ ಎಲ್ಲೆ. ಕಟ್ಟಕಡೆಗೆ ಒಂದು ಪುಟ್ಟ ಕ್ರಿಯಾಪದ: ಕೊಟ್ಟರು, ಇಲ್ಲವೆ ಬಿಟ್ಟರು. ಎಷ್ಟೋ ಸಾಲುಗಳ ತೇರು ಈ ಒಂದು ಕೀಲಿನ ಮೇಲೆ ನಿಂತಿದೆ. 'ಇರೆ' ಎಂಬ ಈ ಕಟ್ಟನ್ನು ವ್ಯಾಕರಣದವರು ಸತಿಸಪ್ತಮಿ ಎನ್ನುತ್ತಾರೆ. 'ಮಳೆ ಬರಲು ಕೆರೆ ತುಂಬಿತು' ಎನ್ನುವಾಗಲೂ ಇದೇ ಕಟ್ಟು.

ಇದನ್ನು ಇಂಗ್ಲಿಷಿಗೆ ತಂದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಇಲ್ಲೇ ಮೇಷ್ಟ್ರಾಗಿ, ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ, ಕೊನೆಗೆ ಶಾಸನಗಳ ಬೆನ್ನು ಹತ್ತಿದವರು. ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ, ಸೊರಬದವು 1904ರ ಎಂಟನೆಯದರಲ್ಲಿ. ರೈಸ್ ಪಟ್ಟ ಪಾಡನ್ನು ನೋಡಿ. ಕನ್ನಡದಲ್ಲಿ ಕೊನೆಗೆ ಬರುವ 'ಇರೆ'ಯನ್ನು ಅವರು ವಾಕ್ಯದ ತಲೆಗೆ ತಂದು 'ವೆನ್' ಎಂದು ಶುರು ಮಾಡುತ್ತಾರೆ. ಬಿರುದುಗಳ ರಾಶಿಯನ್ನು ಹೊರಲು ಇಂಗ್ಲಿಷ್ ವಾಕ್ಯಕ್ಕೆ ಆಗುವುದಿಲ್ಲ; ಆದ್ದರಿಂದ 'ವಾಡಿಕೆಯ ಬಿರುದುಗಳೊಡನೆ' ಎಂಬರ್ಥದ ಎರಡು ಮಾತನ್ನು ಆವರಣದಲ್ಲಿ ಹಾಕಿ ಮುಂದೆ ಹೋಗುತ್ತಾರೆ. ನಡುನಡುವೆ ಗೀಟು ಎಳೆದು ಉಸಿರು ತೆಗೆದುಕೊಳ್ಳುತ್ತಾರೆ. ನಮ್ಮ ಹುಡುಗನದೇ ಕಷ್ಟ, ಎದುರು ದಿಕ್ಕಿನಿಂದ. ರೈಸ್ ಸಾಹೇಬರಿಗೆ ಮಾತ್ರ ಯಾರೂ ಕೆಂಪು ಗೆರೆ ಹಾಕಲಿಲ್ಲ!

ಈ ಎರಡು ಭಾಷೆಗಳ ವಾಕ್ಯಗಳ ವ್ಯತ್ಯಾಸದಲ್ಲಿ ಮುಖ್ಯವಾದದ್ದು ಇಷ್ಟು: ಕೀಲು ಎಲ್ಲಿದೆ ಎಂಬುದು. 'ಬರುತ್ತೇನೆ ಎಂದು ಹೇಳಿದ', 'ಮಳೆ ಬಂದರೆ ಹೋಗುವುದಿಲ್ಲ', 'ಅವನು ಬಂದಾಗ ನಾನಿರಲಿಲ್ಲ'. ಎಂದು, ಅರೆ, ಆಗ, ಎಲ್ಲವೂ ಉಪವಾಕ್ಯದ ಬಾಲದಲ್ಲಿವೆ. ಇಂಗ್ಲಿಷಿನ ದಟ್, ಇಫ್, ವೆನ್ ತಲೆಯಲ್ಲಿವೆ. ಕನ್ನಡ ಕೇಳುವವನು ಕಾಯುತ್ತಾನೆ; ಇಂಗ್ಲಿಷ್ ಕೇಳುವವನಿಗೆ ಮೊದಲೇ ಸೂಚನೆ ಸಿಗುತ್ತದೆ. ಕಾಯಿಸುವ ವಾಕ್ಯ ಇಂಗ್ಲಿಷಿನಲ್ಲಿ ಇಲ್ಲವೆಂದಲ್ಲ. ಮಿಲ್ಟನ್ ಕವಿಯ ಪ್ಯಾರಡೈಸ್ ಲಾಸ್ಟ್ ಮಹಾಕಾವ್ಯದಲ್ಲಿ ಮೊದಲ ವಾಕ್ಯದ ಮುಖ್ಯ ಕ್ರಿಯಾಪದ ಆರನೆಯ ಸಾಲಿಗೆ ಬರುತ್ತದೆ. ಅದನ್ನು ಅಲ್ಲಿ ಭವ್ಯ ಶೈಲಿ ಎಂದು ಕೊಂಡಾಡುತ್ತಾರೆ. ನಮ್ಮಲ್ಲಿ ಸಂತೆಯಿಂದ ಬಂದ ಅಜ್ಜಿಯೂ ಹಾಗೇ ಮಾತಾಡುತ್ತಾಳೆ.

ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂದು ನಮ್ಮ ಕನ್ನಡ ವ್ಯಾಕರಣ ಪುಸ್ತಕಗಳು ಕಲಿಸುವ ವಿಂಗಡಣೆ ಇಂಗ್ಲಿಷ್ ವ್ಯಾಕರಣದ ಅಚ್ಚಿನಲ್ಲಿ ಎರಕ ಹೊಯ್ದದ್ದು. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ಆಖ್ಯಾತ ಮೊದಲಾದ ಪ್ರಕರಣಗಳಿವೆ. ವಾಕ್ಯಗಳನ್ನು ಹೀಗೆ ವಿಂಗಡಿಸುವ ಪ್ರಕರಣವಿಲ್ಲ. ವಿಂಗಡಣೆ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಬಾಯಿಪಾಠ ಮಾಡಿದ ಮಗುವಿಗೂ 'ಹೂ' ಎಲ್ಲಿ ಹಾಕಬೇಕೆಂದು ಗೊತ್ತಾಗುವುದಿಲ್ಲ ಎಂದಷ್ಟೇ ನನ್ನ ದೂರು.

ಇನ್ನು ಸೊರಬದ ಕಡೆಗೆ ಬರೋಣ. ಅಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಗದ್ದೆಯ ಬದುವಿನಲ್ಲಿ ವೀರಗಲ್ಲುಗಳು. ಸಾಮಾನ್ಯವಾಗಿ ಇವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗ. ಇಂಥ ಕಲ್ಲುಗಳ ಬರಹದ ವಾಕ್ಯವೂ ಹಾಗೇ ಮೆಟ್ಟಿಲು ಹತ್ತುತ್ತದೆ. ಕಳ್ಳರು ಊರ ತುರುವನ್ನು ಹಿಡಿಯಲು, ಇಂಥವನು ಕಾದಿ, ಇರಿದು, ತುರುವನ್ನು ಮರಳಿಸಿ, ಸತ್ತು, ಸುರಲೋಕಪ್ರಾಪ್ತನಾದ. ಕಾದಿ, ಇರಿದು, ಮರಳಿಸಿ, ಸತ್ತು: ಒಂದು ಮುಗಿದ ಮೇಲೆ ಇನ್ನೊಂದು ಎಂಬ ಅರ್ಥ ಆ ರೂಪದಲ್ಲೇ ಇದೆ. ನಮ್ಮ ಮಕ್ಕಳು ಇದನ್ನು ಇಂಗ್ಲಿಷಿಗೆ ತರುವಾಗ 'ಫೈಟಿಂಗ್, ರಿಕವರಿಂಗ್, ಡೈಯಿಂಗ್' ಎಂದು ಬರೆಯುತ್ತಾರೆ. ಇಂಗ್ಲಿಷ್ ಓದುಗನಿಗೆ ಆ ವೀರ ಸಾಯುತ್ತ ಸಾಯುತ್ತಲೇ ದನ ಹೊಡೆದುಕೊಂಡು ಬಂದಂತೆ ಕಾಣುತ್ತದೆ! ಅಲ್ಲಿ ಪ್ರತಿಯೊಂದಕ್ಕೂ ಪೂರ್ಣ ಕ್ರಿಯಾಪದ ಬೇಕು, ಕೊನೆಯದಕ್ಕೆ ಮುಂಚೆ ಒಂದು 'ಅಂಡ್' ಬೇಕು. ಈ ಒಂದು ಮಾತನ್ನು ವೀರಗಲ್ಲಿನ ಮುಂದೆ ನಿಂತು ಹೇಳಿ ನೋಡಿ, ಮಕ್ಕಳು ಮರೆಯುವುದಿಲ್ಲ.

ಶಾಸನದ ಕೊನೆಗೆ ಬರುವ ಶಾಪವೂ ಒಳ್ಳೆಯ ಪಾಠ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಅರ್ಥದ ಮಾತು ನಿಮಗೆಲ್ಲ ಗೊತ್ತು. 'ಅಳಿದವನು' ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದನ್ನು 'ಹೀ ಹೂ ಡಿಸ್ಟ್ರಾಯ್ಸ್' ಎಂದು ಮೂರಾಗಿ ಒಡೆಯಬೇಕು. ಇದೇ ಅಲ್ಲವೇ 'ನಿನ್ನೆ ಬಂದ ಮಾವ'ನ ಕಥೆ?

ಅಲಂಕಾರದ ಪಾಠಕ್ಕೂ ದೂರ ಹೋಗಬೇಕಿಲ್ಲ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ, ಬಿಜ್ಜಳನ ಕಾಲದ್ದು, ಆ ಮಠ ಏನೇನಾಗಿತ್ತು ಎಂದು ಹೇಳುತ್ತದೆ. ನಾಲ್ಕು ವೇದಗಳ ಅಧ್ಯಯನದ ಸ್ಥಾನ, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನದ ಸ್ಥಾನ, ದರ್ಶನಗಳ ಸ್ಥಾನ, ಕಾವ್ಯ ನಾಟಕಗಳ ಸ್ಥಾನ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನವಿಕ್ಕುವ ಸ್ಥಾನ, ರೋಗಿಗಳಿಗೆ ಮದ್ದು ಕೊಡುವ ಸ್ಥಾನ, ಎಲ್ಲ ಜೀವಿಗಳಿಗೆ ಅಭಯದ ಸ್ಥಾನ. ಪ್ರತಿ ತುಣುಕೂ 'ಸ್ಥಾನಮುಂ' ಎಂದೇ ಕೊನೆಯಾಗುತ್ತದೆ, ಗಂಟೆ ಬಡಿದಂತೆ. ಇಂಗ್ಲಿಷಿನಲ್ಲಿ ಇದೇ ಮಾತು 'ಎ ಪ್ಲೇಸ್' ಎಂದು ಪ್ರತಿ ತುಣುಕಿನ ತಲೆಗೆ ಹೋಗುತ್ತದೆ. ಗಂಟೆ ಅದೇ, ಬಡಿಯುವ ಜಾಗ ಬೇರೆ. ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಪುನರುಕ್ತಿಯ ಉದಾಹರಣೆಗೆ ವಿದೇಶದ ನಾಯಕರ ಭಾಷಣಗಳನ್ನು ಕೊಡುತ್ತಾರೆ. ಕೊಡಲಿ. ಆದರೆ ಒಂದು ಕಾಲದಲ್ಲಿ ಮೂರು ವ್ಯಾಕರಣ ಪದ್ಧತಿಗಳನ್ನು ಪಾಠ ಹೇಳುತ್ತಿದ್ದ ಊರಿನ ಪಕ್ಕದ ಮಕ್ಕಳು ವ್ಯಾಕರಣ ಎಂದರೆ ನಡುಗುತ್ತಾರೆ ಎಂಬುದು ನನಗೆ ಸಂಕಟ ತರುತ್ತದೆ.

ನಾನು ನಿಮ್ಮಲ್ಲಿ ಕೇಳುವುದು ಒಂದೇ. ತಪ್ಪು ವಾಕ್ಯ ಕಂಡಾಗ ಗೆರೆ ಎಳೆಯುವ ಮೊದಲು ಅದರ ಹಿಂದಿರುವ ಕನ್ನಡ ವಾಕ್ಯವನ್ನು ಮಗುವಿನ ಬಾಯಲ್ಲೇ ಹೇಳಿಸಿ, ಹಲಗೆಯ ಮೇಲೆ ಬರೆಯಿರಿ. ಅದರ ಕೀಲು ಎಲ್ಲಿದೆ ಎಂದು ಅವನೇ ತೋರಿಸಲಿ. ಆಮೇಲೆ ಅದನ್ನು ಎತ್ತಿ ಇಂಗ್ಲಿಷಿನ ಜಾಗಕ್ಕೆ ಇಡುವುದು ಐದು ನಿಮಿಷದ ಕೆಲಸ.

ನನ್ನ ಆ ಗೆಳೆಯ ಈಗಲೂ ತೋಟದಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಅವನ ಮನೆಗೆ ಹೋದಾಗ ಜಗಲಿಯ ಮೇಲೆ ಕೂತು ಮೇಲಿನ ಅಷ್ಟನ್ನೂ ಅವನಿಗೆ ಹೇಳಿದೆ. ಅವನು ಅಡಿಕೆ ಸುಲಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಇಷ್ಟೇ ಏನೋ ಮಾರಾಯ?' ಎಂದ.